ಗಾಜು ಏರಿಸಿದ ಕಾರಿನಲ್ಲಿ ಹತ್ತು ನಿಮಿಷ

ತಮ್ಮನ ಫೋನು ಬಂದಾಗ ಗದಿಗೆಮ್ಮ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಹೈದರಾಬಾದಿನ ನಾಚಾರಂನ ಆ ಎರಡು ಕೋಣೆಯ ಮನೆಯಲ್ಲಿ ಫೋನಿನ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಬಳಿ ಮಾತ್ರ. ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

“ಅಕ್ಕಾ, ಒಂದು ಗಾಡಿ ಸಿಕ್ಕೈತಿ,” ಎಂದ ಭೀಮಾಶಂಕರ. “ಕ್ಲಚ್ ಇಲ್ಲದ್ದು. ಬಲಗಾಲು ಒಂದ ಸಾಕು ನಡಸಾಕ. ಹನ್ನೊಂದು ವರ್ಷದ್ದು, ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡೇತಿ. ರವಿವಾರ ನೋಡಾಕ ಹೋಗಬೇಕು.”

“ನಿಮ್ಮ ಮಾವಗ ಹೇಳ್ತೀನಿ, ತಡಿ.”

“ಮಾವ ಬ್ಯಾಡ.”

ಅವಳು ಜರಡಿ ಕೆಳಗಿಟ್ಟಳು.

“ನೀ ಒಬ್ಬಾಕಿನ ಬಾ,” ಎಂದ ಅವನು. “ಎಂಜಿನ್ ನೋಡಾಕ ಮೆಕ್ಯಾನಿಕ್ ಒಬ್ಬವ ಅದಾನ. ಒಳಗ ನೀ ಕುಂತು ನೋಡು. ನಿನ್ನ ಮೂಗು ಸಾಕು ನನಗ.”

ಆ ಮೂಗಿಗೆ ಎರಡು ವರ್ಷದಿಂದ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ತಮ್ಮನಿಗೆ ಅದು ಗೊತ್ತಿರಲಿಲ್ಲ. ತನ್ನ ಎಡಗಾಲು ಹೋದದ್ದಕ್ಕೂ ಅದಕ್ಕೂ ಸಂಬಂಧವಿದೆ ಎಂಬುದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹದಿನೇಳು ವರ್ಷ ಚಿಕ್ಕವನು ಅವನು. ತಾಯಿ ಸತ್ತಾಗ ನಾಲ್ಕು ವರ್ಷದವನಾಗಿದ್ದವನನ್ನು ಚಿಂಚೋಳಿಯಿಂದ ಹೈದರಾಬಾದಿಗೆ ಕರೆತಂದು, ಉಣ್ಣಿಸಿ, ಬೈದು, ಒಂಬತ್ತನೆಯ ತರಗತಿಯವರೆಗೆ ದೂಡಿದ್ದು ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ಅವನಿರುವಾಗ ಆ ಮಾತನ್ನು ಯಾರೂ ಎತ್ತಲೂ ಇಲ್ಲ.

“ಬರ್ತೀಯೋ ಇಲ್ಲೋ?”

“ಬರ್ತೀನಿ,” ಎಂದಳು.

ಪಡಸಾಲೆಯಲ್ಲಿ ಅವಳ ಗಂಡ, ಭೀಮಾಶಂಕರನ ಮಾವ, ಶಿವಶರಣಪ್ಪ ಪೇಪರು ಓದುತ್ತಿದ್ದ. ಪುಟ ತಿರುಗಿಸಿದ ಸದ್ದು ಬರಲಿಲ್ಲ.

ಶಿವಶರಣಪ್ಪ ಹುಮನಾಬಾದಿನವನು. ಕೇಂದ್ರ ಸರಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆ ವಿಭಾಗದಲ್ಲಿ ದುಡಿದವನು. ಅಲ್ಲಿ ಅವನ ಕೆಲಸ ಒಂದೇ: ಮೇಜಿನ ಮೇಲೆ ಬಂದ ಬಿಡಿಭಾಗವನ್ನು ಅಳೆಯುವುದು, ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ ಇಡುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು. ಮೇಲಿನವರು ಬಂದು ಬೆನ್ನು ತಟ್ಟಿದರೂ ಕೆಂಪು ಚೀಟಿ ಬಿಚ್ಚಿದವನಲ್ಲ. ಹಾಗಾಗಿ ಅವನಿಗೆ ಗೌರವವಿತ್ತು, ಗೆಳೆಯರು ಮಾತ್ರ ಕಡಿಮೆ.

ನಿವೃತ್ತಿಯಾದ ಮೇಲೆ ಕಾರ್ಖಾನೆಯ ಕನ್ನಡದವರು ಒಬ್ಬೊಬ್ಬರೇ ಅವನನ್ನು ಹುಡುಕಿಕೊಂಡು ಬರತೊಡಗಿದರು. ಹಳೆಯ ಕಾರು ಕೊಳ್ಳುವ ಮೊದಲು ಒಮ್ಮೆ ಬಂದು ನೋಡಿ ಎನ್ನುವುದು ಎಲ್ಲರ ಕೋರಿಕೆ. ಅವನು ಚಹಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಆದರೆ ನಿಯಮಗಳಿದ್ದವು. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗಲೇ ನೋಡಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ; ಬೆಚ್ಚಗಿದ್ದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದ. “ಬಿಸಿ ಮಾಡಿ ಇಟ್ಟಾರಂದ್ರ ಚಾಲೂ ಮಾಡೂ ಮುಂದ ಏನೋ ತ್ರಾಸ ಐತಿ, ಅದನ್ನ ಮುಚ್ಚಾಕತ್ತಾರ,” ಎನ್ನುತ್ತಿದ್ದ. ಒಂದು ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಒಂದು ಉದ್ದ ಕಬ್ಬಿಣದ ಸಲಾಕೆ, ಬಿಳಿ ಕರವಸ್ತ್ರ, ಇವಿಷ್ಟು ಅವನ ಚೀಲದಲ್ಲಿ ಇರುತ್ತಿದ್ದವು. ಬಾಗಿಲುಗಳ ಮೇಲೆ ಅಯಸ್ಕಾಂತ ಸರಿಸುತ್ತ ಹೋದರೆ, ಅದು ಹಿಡಿಯದ ಕಡೆ ಬಣ್ಣದ ಕೆಳಗೆ ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚಿದ್ದಾರೆ ಎಂದು ಅರ್ಥ. ಸಲಾಕೆಯ ಒಂದು ತುದಿಯನ್ನು ಓಡುವ ಎಂಜಿನ್ನಿಗೂ ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೂ ಹಚ್ಚಿ, ಕಣ್ಣು ಮುಚ್ಚಿ, ಒಳಗಿನ ಸದ್ದು ಕೇಳುತ್ತ ನಿಲ್ಲುತ್ತಿದ್ದ.

ಗದಿಗೆಮ್ಮ ಈ ಕೆಲಸಕ್ಕೆ ಸೇರಿಕೊಂಡದ್ದು ಆಕಸ್ಮಿಕವಾಗಿ. ಒಮ್ಮೆ ಇಬ್ಬರೂ ಮದುವೆಗೆ ಹೊರಟ ದಾರಿಯಲ್ಲಿ, ತಿಪ್ಪೇಸ್ವಾಮಿ ಎಂಬ ಸಹೋದ್ಯೋಗಿಯ ಒತ್ತಾಯಕ್ಕೆ ಶಿವಶರಣಪ್ಪ ಕಾರೊಂದನ್ನು ನೋಡಿ ಆಗಷ್ಟೇ ಮೆಚ್ಚಿದ್ದ. ಅವಳು ಅದರ ಹಿಂದಿನ ಸೀಟಿನಲ್ಲಿ ಕುಳಿತಳು, ಮರುಕ್ಷಣವೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಈ ಗಾಡ್ಯಾಗ ಹಗೇವಿನ ವಾಸನಿ ಐತ್ರಿ.”

ಹಗೇವೆಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿ. ಅವಳ ತವರಿನ ಅಂಗಳದಲ್ಲಿ ಎರಡಿದ್ದವು. ಬೇಸಿಗೆಯ ಕೊನೆಗೆ ಬಾಯಿ ತೆಗೆದಾಗ ಅವಳ ಅಜ್ಜಿ ಬಗ್ಗಿ ಒಂದೇ ಉಸಿರು ಎಳೆದು, ಕೆಳಗೆ ನೀರು ಇಳಿದಿದೆಯೋ ಇಲ್ಲವೋ, ಎಷ್ಟು ಕಾಳು ಮುಗ್ಗಿದೆ ಎಂದು ಹೇಳುತ್ತಿದ್ದಳು. ಆ ಮೂಗು ಮೊಮ್ಮಗಳಿಗೆ ಬಂದಿತ್ತು. ತಿಪ್ಪೇಸ್ವಾಮಿ ನಗುತ್ತಲೇ ಮ್ಯಾಟು ಎತ್ತಿ ನೋಡಿದ. ಕೆಳಗೆ ತಗಡು ತುಕ್ಕು ಹಿಡಿದು ಹಪ್ಪಳದಂತಾಗಿತ್ತು.

ಅಂದಿನಿಂದ ಶಿವಶರಣಪ್ಪ ಹೆಂಡತಿಯನ್ನು ಬಿಟ್ಟು ಕಾರು ನೋಡಲು ಹೋದವನಲ್ಲ. ಅವಳದ್ದೂ ಒಂದು ಪದ್ಧತಿ ಬೆಳೆಯಿತು. ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಎಲ್ಲ ಗಾಜು ಏರಿಸಿ, ಬಾಗಿಲು ಮುಚ್ಚಿ, ಹಿಂದಿನ ಸೀಟಿನಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ಹತ್ತು ನಿಮಿಷ ಕೂರುತ್ತಿದ್ದಳು. ಒಳಗಿನ ಗಾಳಿ ಕಾಯ್ದು, ಸೀಟಿನ ಸಂದಿಯಲ್ಲಿ, ಹೊದಿಕೆಯ ಕೆಳಗೆ ಅಡಗಿದ್ದೆಲ್ಲ ಮೇಲೆದ್ದು ಬಂದ ಮೇಲೆ ಸೆರಗು ತೆಗೆದು ಒಂದು ಉಸಿರು ಎಳೆಯುತ್ತಿದ್ದಳು. ಎರಡನೆಯ ಉಸಿರಿಗೆ ಮೂಗು ಒಗ್ಗಿಬಿಡುತ್ತದೆ, ಮೊದಲನೆಯದೇ ಲೆಕ್ಕ.

ಮಾರುವವರಿಗೆ ಇದು ತಮಾಷೆ. “ಅಮ್ಮಾರು ಧ್ಯಾನಕ್ಕ ಕುಂತಾರೇನ್ರಿ?” ಎಂದು ಕೇಳಿದವರಿದ್ದರು. ಶಿವಶರಣಪ್ಪ ನಗುತ್ತಿರಲಿಲ್ಲ. “ಇವರು ನಮ್ಮ ಇನ್‌ಸ್ಪೆಕ್ಟರು,” ಎನ್ನುತ್ತಿದ್ದ. ಏಳನೆಯ ತರಗತಿ ಓದಿದ, ಮೂವತ್ತು ವರ್ಷ ಕ್ವಾರ್ಟರ್ಸಿನ ಅಡುಗೆಮನೆ ದಾಟದ ಹೆಂಗಸನ್ನು ಜನ ಕುರ್ಚಿ ಹಾಕಿ ಕೂರಿಸಿ ಅವಳ ಬಾಯಿಂದ ಏನು ಬರುತ್ತದೆ ಎಂದು ಕಾಯುತ್ತಿದ್ದರು. ಅದಕ್ಕೆಂದು ಅವಳು ಒಂದು ಸೀರೆ ಎತ್ತಿಟ್ಟಿದ್ದಳು, ಹಸಿರು ಇಳಕಲ್ಲು, ಮದುವೆ ಮುಂಜಿಗೆ ಉಡದೆ ಕಾರು ನೋಡಲು ಹೋಗುವಾಗ ಮಾತ್ರ ಉಡುವಂಥದ್ದು.

ಎರಡು ಸಾವಿರದ ಇಪ್ಪತ್ತರ ಆಗಸ್ಟಿನಲ್ಲಿ ಗಂಡಹೆಂಡತಿ ಇಬ್ಬರಿಗೂ ಕೊರೊನಾ ಬಂತು. ಜ್ವರ ಅವನಿಗೇ ಹೆಚ್ಚು. ಅವಳಿಗೆ ಮೈಕೈ ನೋವು, ಅಷ್ಟೇ. ನಾಲ್ಕನೆಯ ದಿನ ಅವಳು ಹಿಂಗಿನ ಡಬ್ಬಿ ತೆರೆದಾಗ ಅದು ಖಾಲಿ ಡಬ್ಬಿಯಂತಿತ್ತು. ಮೂಗಿನ ಹತ್ತಿರ ತಂದಳು, ಚಿಟಿಕೆ ತಿಕ್ಕಿ ನೋಡಿದಳು. ಏನೂ ಇಲ್ಲ. ಒಂದೆರಡು ತಿಂಗಳಲ್ಲಿ ಮರಳಿ ಬರುತ್ತದೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಬಂದಮೇಲೆ ಹೇಳಿದರಾಯಿತು, ಈಗ ಯಾಕೆ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಬದನೆಕಾಯಿ ಪಲ್ಯ ಒಲೆಯ ಮೇಲೆ ಹೊತ್ತಿ ಇದ್ದಿಲಾಯಿತು. ಅವಳು ನಾಲ್ಕು ಮಾರು ದೂರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪೇಪರು ಬಿಟ್ಟು ಎದ್ದುಹೋದ ಶಿವಶರಣಪ್ಪ ಒಲೆ ಆರಿಸಿ, ಕಿಟಕಿ ತೆಗೆದು, ಪಾತ್ರೆಯನ್ನು ತೊಟ್ಟಿಯಲ್ಲಿ ನೆನೆಯಿಟ್ಟು ಬಂದು ಮತ್ತೆ ಪೇಪರು ಹಿಡಿದ. ಏನೂ ಕೇಳಲಿಲ್ಲ. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ ಎಂದು ಅವಳು ಸಮಾಧಾನಪಟ್ಟಳು. ಮರುದಿನದಿಂದ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕಣ್ಣಿನಿಂದಲೇ ಅಡುಗೆ ಕಾಯತೊಡಗಿದಳು.

ಅಕ್ಟೋಬರಿನಲ್ಲಿ ಆ ಮಳೆ ಬಂತು. ಕೆರೆಗಳು ಒಡೆದು ಕಾಲೋನಿಗಳಿಗೆ ನುಗ್ಗಿದವು. ಕಾರುಗಳು ಕಾಗದದ ದೋಣಿಗಳ ಹಾಗೆ ಬೀದಿಯಲ್ಲಿ ತೇಲಿದ್ದನ್ನು ಊರೆಲ್ಲ ಫೋನಿನಲ್ಲಿ ನೋಡಿತು. ನೀರು ಇಳಿದ ಮೇಲೆ ಆ ಕಾರುಗಳಲ್ಲಿ ಎಷ್ಟೋ ತೊಳೆಸಿಕೊಂಡು, ಒಣಗಿಸಿಕೊಂಡು, ಹೊಸ ಸೀಟು ಹೊದ್ದು ಮಾರಾಟಕ್ಕೆ ನಿಂತವು. ಗದಿಗೆಮ್ಮನ ಮೂಗು ಜನಕ್ಕೆ ಯಾವ ಕಾಲದಲ್ಲಾದರೂ ನಿಜವಾಗಿ ಬೇಕಾಗಿದ್ದರೆ ಅದು ಆ ಚಳಿಗಾಲದಲ್ಲಿ. ಮೊದಲು ಕೇಳಿದವನು ಭೀಮಾಶಂಕರ.

ಅವನು ಟೈಲ್ಸ್ ಹಾಕುವವನು. ಮಣಿಕೊಂಡದ ಅಪಾರ್ಟ್‌ಮೆಂಟುಗಳಲ್ಲಿ ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಈಗ ತನ್ನದೇ ನಾಲ್ಕು ಜನರ ತಂಡ ಕಟ್ಟಿದ್ದ. ಕಟ್ಟರ್ ಯಂತ್ರ, ಆಳುಗಳು, ಸಾಮಾನು ಎಲ್ಲವನ್ನೂ ಒಂದೇ ಸಲ ಹಾಕಿಕೊಂಡು ಹೋಗಲು ಒಂದು ಕಾರು ಬೇಕಾಗಿತ್ತು. ಅವನ ಹೆಂಡತಿ ಶೈಲಾ ಮುಂದಿನ ಗಾಜಿಗೆ ತೂಗುಹಾಕಲು ನಿಂಬೆಹಣ್ಣು ಮೆಣಸಿನಕಾಯಿಯ ಪ್ಲಾಸ್ಟಿಕ್ ಗೊಂಚಲು ಮೊದಲೇ ತಂದಿಟ್ಟಿದ್ದಳು.

ಮಾರುವವನು ಮಣಿಕೊಂಡದ ಆನಂದಕುಮಾರ, ದಾವಣಗೆರೆ ಕಡೆಯವನು. ಬೆಳ್ಳಿ ಬಣ್ಣದ, ಹದಿಮೂರು ವರ್ಷದ ಕಾರು. ಒಂದು ಲಕ್ಷ ಅರವತ್ತೆಂಟು ಸಾವಿರ ಕಿಲೋಮೀಟರ್ ಓಡಿತ್ತು. ಮೂವರೂ ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದರು.

ಶಿವಶರಣಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಆಯಿಲ್ ಅಳೆಯುವ ಕಡ್ಡಿಯನ್ನು ಕರವಸ್ತ್ರಕ್ಕೆ ಒರೆಸಿ ಬಿಸಿಲಿಗೆ ಹಿಡಿದ. ಅಯಸ್ಕಾಂತ ಎಲ್ಲ ಕಡೆ ಅಂಟಿಕೊಂಡಿತು. ಬ್ರೇಕಿನ ಪೆಡಲಿನ ರಬ್ಬರು ಸವೆದದ್ದೂ ಮೀಟರು ತೋರಿಸುವ ಓಟವೂ ತಾಳೆಯಾದವು. ಚಾಲೂ ಮಾಡಿಸಿ, ಸೈಲೆನ್ಸರಿನ ಬಾಯಿಗೆ ಕೈ ಹಿಡಿದು, ಸಲಾಕೆಯನ್ನು ಕಿವಿಯ ಹಿಂದೆ ಒತ್ತಿ ಬಹಳ ಹೊತ್ತು ನಿಂತ.

“ಎಂಜಿನ್ ಛಲೋ ಐತಿ,” ಎಂದ. ಆಮೇಲೆ ಒಳಗೆ ಬಗ್ಗಿದ. “ಸೀಟ್ ಬೆಲ್ಟ್ ಎಲ್ಲಾ ಹೊಸಾವು ಯಾಕ?”

“ಮಕ್ಕಳು ಒಂದಕ್ಕೆ ಕತ್ತರಿ ಹಾಕ್ಬಿಟ್ರು ಸರ್,” ಎಂದ ಆನಂದಕುಮಾರ. “ಒಂದು ಬದಲಾಯಿಸೋ ಬದ್ಲು ಎಲ್ಲಾ ಬದಲಾಯಿಸ್ದೆ.”

“ಮ್ಯಾಟೂ ಹೊಸದು.”

“ಗಾಡಿ ಮಾರ್ಬೇಕಾದ್ರೆ ಸ್ವಲ್ಪ ನೀಟಾಗಿರ್ಲಿ ಅಂತ ಸರ್.”

“ಮಳಿಯಾಗ ಗಾಡಿ ಎಲ್ಲಿ ನಿಂತಿತ್ತು?”

“ಎರಡನೇ ಮಹಡಿ ಪಾರ್ಕಿಂಗ್‌ನಲ್ಲಿ ಸರ್. ಒಂದು ಹನಿ ಬಿದ್ದಿಲ್ಲ.”

ಭೀಮಾಶಂಕರ ಬಾಗಿಲು ತೆರೆದು ಹಿಡಿದ. “ಬಾ ಅಕ್ಕಾ. ಇನ್ನ ಹೈಕೋರ್ಟಿನ ತೀರ್ಪು ಒಂದು ಉಳದೈತಿ.”

ಗದಿಗೆಮ್ಮ ಹಸಿರು ಇಳಕಲ್ಲಿನ ನೆರಿಗೆ ಎತ್ತಿಕೊಂಡು ಒಳಗೆ ಕುಳಿತಳು. ಗಾಜು ಏರಿದವು. ಸೆರಗು ಮೂಗಿಗೆ ಒತ್ತಿಕೊಂಡು, ಬಿಸಿಲು ಕುತ್ತಿಗೆಯ ಮೇಲೆ ಕಾಯುತ್ತ ಬರುವುದನ್ನು ಅನುಭವಿಸುತ್ತ ಹತ್ತು ನಿಮಿಷ ಕಳೆದಳು. ಸೆರಗು ಬಿಟ್ಟಳು. ಉಸಿರು ಎಳೆದಳು. ಬಿಸಿ ಗಾಳಿ ಒಳಗೆ ಹೋಯಿತು. ಮತ್ತೊಮ್ಮೆ ಎಳೆದಳು. ಬಗ್ಗಿ, ಸೀಟಿನ ಸಂದಿಗೆ ಮೂಗು ಇಟ್ಟು ಮೂರನೆಯ ಸಲ ಎಳೆದಳು. ಹಿಂಗಿನ ಡಬ್ಬಿ ನೆನಪಾಯಿತು.

ಗಾಜಿನ ಆಚೆ ತಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ಒಳಗೆ ಇಣುಕುತ್ತಿದ್ದ. ಆಗ ಅವಳು ಬಾಗಿಲು ತೆಗೆದು, “ನನಗ ತಿಳಿಯಂಗಿಲ್ಲೋ, ಬ್ಯಾರೆ ಯಾರಿಗರೆ ತೋರಸು,” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಅವಳು ಯೋಚಿಸಲಿಲ್ಲ ಎಂದಲ್ಲ. ಯೋಚಿಸಿದಳು. ಎಂಜಿನ್ನು ಚೆನ್ನಾಗಿದೆ ಎಂದು ಇವರು ಹೇಳಿದ್ದಾರೆ, ಮಾರುವವನು ಮರ್ಯಾದಸ್ಥ, ಬಹುಶಃ ಏನೂ ಇರಲಾರದು ಎಂದೂ ಯೋಚಿಸಿದಳು. ಇಳಿದು ಸೆರಗು ಸರಿ ಮಾಡಿಕೊಂಡಳು.

“ಒಳಗ ಸ್ವಚ್ಛ ಐತಿ. ತಗೋ,” ಎಂದಳು.

ಶಿವಶರಣಪ್ಪ ಅವಳನ್ನೇ ನೋಡಿದ. “ಖರೇನ?”

“ಹೂಂನ್ರಿ.”

“ಇನ್ನೊಮ್ಮೆ ಕುಂತು ನೋಡ್ತೀಯೇನು? ಅವಸರೇನಿಲ್ಲ.”

ಅವನು ಹಿಂದೆಂದೂ ಹಾಗೆ ಎರಡು ಸಲ ಕೇಳಿದವನಲ್ಲ. ಎಲ್ಲರೂ ನಿಂತು ನೋಡುತ್ತಿದ್ದರು. “ಎಷ್ಟು ಸಲ ನೋಡೋದ್ರಿ,” ಎಂದಳು ಅವಳು. ಅವನು ಟಾರ್ಚನ್ನು ಚೀಲಕ್ಕೆ ಹಾಕಿಕೊಂಡ.

ಮಾರ್ಚಿನ ಒಂದು ಬೆಳಿಗ್ಗೆ, ಹೊರವರ್ತುಲ ರಸ್ತೆಯ ಪಕ್ಕದ ಸರ್ವೀಸ್ ರಸ್ತೆಯಲ್ಲಿ, ಓಡುತ್ತಿದ್ದ ಕಾರು ಒಮ್ಮೆಲೇ ಸತ್ತಿತು. ಎಂಜಿನ್ನು, ದೀಪ, ಹಾರ್ನು ಎಲ್ಲ ಒಟ್ಟಿಗೆ. ಭೀಮಾಶಂಕರ ಒಬ್ಬನೇ ಇದ್ದ. ಇಳಿದು, ಬಾಗಿಲಿಗೆ ಹೆಗಲು ಕೊಟ್ಟು ಕಾರನ್ನು ಅಂಚಿಗೆ ತಳ್ಳುತ್ತಿದ್ದಾಗ ಹಿಂದಿನಿಂದ ಬಂದ ಮರಳಿನ ಟಿಪ್ಪರು ಅವನನ್ನೂ ಬಾಗಿಲನ್ನೂ ಒಟ್ಟಿಗೆ ಒರೆಸಿಕೊಂಡು ಹೋಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಟೈಲ್ಸ್ ಹಾಕುವವನು ದಿನವಿಡೀ ಕುಕ್ಕರುಗಾಲಿನಲ್ಲಿ ಕೂರಬೇಕು. ಆ ಕೆಲಸ ಅಂದಿಗೆ ಮುಗಿಯಿತು.

ಕಾರನ್ನು ಬಿಚ್ಚಿದ ಮೆಕ್ಯಾನಿಕ್ ಶಿವಶರಣಪ್ಪನನ್ನು ಕರೆದು ತೋರಿಸಿದ. ಮ್ಯಾಟಿನ ಕೆಳಗಿನ ದಪ್ಪ ಸ್ಪಂಜು ಐದು ತಿಂಗಳಾದರೂ ಹಿಂಡಿದರೆ ನೀರು ಬಿಡುತ್ತಿತ್ತು. ಸ್ಟಿಯರಿಂಗಿನ ಹಿಂದೆ ವಯರುಗಳು ಸೇರುವ ಕಡೆಯಲ್ಲೆಲ್ಲ ಹಸಿರು ಕಿಲುಬು, ಅದರ ಮೇಲೆ ನವಿರಾದ ಕಪ್ಪು ಕೆಸರು.

“ಯೇ ತೋ ಡೂಬೀ ಹುವೀ ಗಾಡೀ ಹೈ ಸಾಬ್,” ಎಂದ ಅವನು. ಮುಳುಗಿದ ಗಾಡಿ.

ಆಸ್ಪತ್ರೆಯಲ್ಲಿ ಶೈಲಾ ಗೋಡೆಗೆ ಒರಗಿ ಕುಳಿತಿದ್ದಳು. ಶಿವಶರಣಪ್ಪ ಅವಳ ಎದುರು ನಿಂತು, ಕಾರ್ಖಾನೆಯಲ್ಲಿ ವರದಿ ಒಪ್ಪಿಸುವ ದನಿಯಲ್ಲಿ, “ತಪ್ಪು ನಂದು. ಬೆಲ್ಟ್ ಹೊಸಾವು ಇದ್ವು, ನಾ ನೋಡಿದ್ದೆ. ನೋಡಿನೂ ಪಾಸ್ ಮಾಡಿದೆ,” ಎಂದ. ಗದಿಗೆಮ್ಮ ಪಕ್ಕದಲ್ಲಿದ್ದಳು. ಬಾಯಿ ತೆರೆಯಲಿಲ್ಲ. ಆ ದಿನ ತೆರೆಯದ್ದು ಮರುದಿನ ಇನ್ನೂ ಕಷ್ಟವಾಯಿತು, ತಿಂಗಳಾದ ಮೇಲೆ ಅಸಾಧ್ಯವಾಯಿತು.

ಕನ್ನಡದವರಲ್ಲಿ ಮಾತು ಹಬ್ಬಿತು. ಶಿವಶರಣಪ್ಪನಂಥವನ ಕಣ್ಣು ಹೇಗೆ ತಪ್ಪುತ್ತದೆ, ಮಾರಿದವನು ಏನಾದರೂ ಕೈಬಿಸಿ ಮಾಡಿರಬೇಕು ಎಂದು ಯಾರೋ ಅಂದರು. ಮೂವತ್ತನಾಲ್ಕು ವರ್ಷ ಯಾರಿಂದಲೂ ಬೀಡಾ ಸಹ ತಿನ್ನದವನು ಅದನ್ನು ಕೇಳಿಸಿಕೊಂಡ. ಚೀಲವನ್ನು ಅಟ್ಟದ ಮೇಲೆ ಎಸೆದ. ಕೊಳ್ಳುವವರು ಕರೆಯುವುದು ತಾನಾಗಿಯೇ ನಿಂತಿತು. ಭೀಮಾಶಂಕರ ಮೆಹದಿಪಟ್ಟಣಂನ ಒಂದು ಟೈಲ್ಸ್ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಗಿರಾಕಿಗಳಿಗೆ ಮಾದರಿ ತೋರಿಸುವ ಕೆಲಸ ಹಿಡಿದ. ಹಬ್ಬಕ್ಕೆ ಅಕ್ಕನ ಮನೆಗೆ ಬರುತ್ತಿದ್ದ. ತಪ್ಪು ತನ್ನದೆಂದು ಮಾವನೇ ಒಪ್ಪಿದ ಮೇಲೆ ಅಕ್ಕನ ಮೂಗನ್ನು ಅವನು ಅನುಮಾನಿಸಲೇ ಇಲ್ಲ; ಮಾವನ ಜೊತೆ ಮಾತ್ರ ನೇರ ಮಾತಾಡುತ್ತಿರಲಿಲ್ಲ. “ಉಪ್ಪು ಬೇಕೇನು ಕೇಳು ಅವರಿಗೆ,” ಎಂದು ಅಕ್ಕನಿಗೆ ಹೇಳುತ್ತಿದ್ದ, ಮಾವ ಒಂದು ಮೊಳ ದೂರದಲ್ಲಿ ಕೂತಿರುತ್ತಿದ್ದರೂ.

ಈಗ, ಫೋನು ಬಂದ ಆ ದಿನ, ಗದಿಗೆಮ್ಮ ಕೈ ತೊಳೆದುಕೊಂಡು ಪಡಸಾಲೆಗೆ ಬಂದಾಗ ಗಂಡ ಅಲ್ಲಿರಲಿಲ್ಲ. ಒಳಕೋಣೆಯಲ್ಲಿ ಕುರ್ಚಿ ಹತ್ತಿ ಅಟ್ಟದ ಮೇಲೆ ಕೈಯಾಡಿಸುತ್ತಿದ್ದ. ಚೀಲ ತೆಗೆದು, ಧೂಳು ಜಾಡಿಸಿ, ಟಾರ್ಚನ್ನು ಅವಳ ಕೈಗೆ ಕೊಟ್ಟ.

“ಸೀಟು ಹಿಂದ ಮುಂದ ಸರಿಯೋ ಹಳಿ ಇರ್ತಾವಲ್ಲ, ಅದರ ಸಂದ್ಯಾಗ ಬೆಳಕು ಬಿಟ್ಟು ಕೆಸರು ಐತೇನು ನೋಡು. ಬೆಲ್ಟ್ ಪೂರಾ ಹೊರಗ ಎಳಿ, ಕಡೀತನಕ. ನೀರಿನ ಕಲೆ ಇದ್ರ ಅಲ್ಲಿ ಉಳದಿರ್ತೈತಿ. ಮ್ಯಾಟಿನ ಕೆಳಗ ಕೈ ಹಾಕಿ ಸ್ಪಂಜು ಹಿಂಡು.” ಚೀಲದ ಬಾಯಿ ಮುಚ್ಚುತ್ತ, “ಮೂಗಿನ ಮ್ಯಾಲ ಬಿಡಬ್ಯಾಡ,” ಎಂದ.

ಅವಳು ಟಾರ್ಚನ್ನು ಹಿಡಿದುಕೊಂಡೇ ನಿಂತಳು.

“ನಿಮಗ ಗೊತ್ತೈತಿ.”

“ಹೂಂ.”

“ಯಾವಾಗಿಂದ?”

“ಬದನಿಕಾಯಿ ಪಲ್ಯಾ ಹೊತ್ತಿದ ದಿನದಿಂದ.”

ಅವಳು ಲೆಕ್ಕ ಹಾಕಿದಳು. ಅದು ಸೆಪ್ಟೆಂಬರು. ಕಾರು ನೋಡಿದ್ದು ಡಿಸೆಂಬರು.

“ಗೊತ್ತಿದ್ದೂ ಯಾಕ ಕರಕೊಂಡು ಹೋದ್ರಿ?”

ಶಿವಶರಣಪ್ಪ ಕುರ್ಚಿಯಿಂದ ಇಳಿದು ಅದರ ಮೇಲೆಯೇ ಕುಳಿತ. “ಹೇಳಬೇಕಂತನ ಇದ್ದೆ. ನಾ ಬಚ್ಚಲದಿಂದ ಹೊರಗ ಬರೋದ್ರಾಗ ನೀ ಹಸಿರು ಸೀರಿ ಉಟ್ಟು ತಯಾರಾಗಿ ನಿಂತಿದ್ದಿ,” ಎಂದ. “ನಾನ ಸರಿಯಾಗಿ ನೋಡಿದ್ರಾತು ಅನಕೊಂಡೆ. ನೋಡಿದೆ. ಬೆಲ್ಟ್ ಕಂಡ್ವು. ಎಲ್ಲಾರ ಮುಂದ ನಿನ್ನ ಮಾತು ತಗದಹಾಕಿ ಬ್ಯಾಡ ಅನಬೇಕಾಗಿತ್ತು. ಎರಡು ಸಲ ಕೇಳಿದೆ. ಮೂರನೇದು ಕೇಳಾಕ ಆಗಲಿಲ್ಲ.”

ಎರಡು ವರ್ಷ ಒಂದೇ ಸೂರಿನಡಿ ಇಬ್ಬರೂ ಒಂದೇ ಮಾತನ್ನು ಮುಚ್ಚಿಟ್ಟುಕೊಂಡು ಎದುರುಬದುರು ಉಂಡಿದ್ದರು. ಅವಳು ಅಳಲಿಲ್ಲ. ಟಾರ್ಚಿನ ಗುಂಡಿ ಒತ್ತಿದಳು. ಹತ್ತಲಿಲ್ಲ. ಸೆಲ್ಲು ಸೋರಿ ಒಳಗೆ ಬಿಳಿ ಬೂಷ್ಟು ಕಟ್ಟಿತ್ತು.

ಭಾನುವಾರ ಅವಳು ಟಾರ್ಚಿನ ಕಿಲುಬು ಕೆರೆದು, ಹೊಸ ಸೆಲ್ಲು ಹಾಕಿಕೊಂಡು ಮೆಹದಿಪಟ್ಟಣಂಗೆ ಬಸ್ಸಿನಲ್ಲಿ ಹೋದಳು. ಹಸಿರು ಸೀರೆ ಉಡಲಿಲ್ಲ. ಮಾರುವವರು ಮಾರುಕಟ್ಟೆಯ ಹಿಂದಿನ ಗಲ್ಲಿಯ ಒಬ್ಬ ವಯಸ್ಸಾದ ಉರ್ದು ಮೇಷ್ಟ್ರು. ಕೆಂಪು ಕಾರು, ಬಿಸಿಲಿನಲ್ಲಿ ನಿಂತಿತ್ತು. ಭೀಮಾಶಂಕರ ಕೃತಕ ಕಾಲಿನ ಮೇಲೆ ಭಾರ ಹಾಕದೆ ಗೋಡೆ ಹಿಡಿದು ನಿಂತಿದ್ದ. ಮೆಕ್ಯಾನಿಕ್ ಬಂದು ನೋಡಿ ಹೋಗಿದ್ದನಂತೆ.

ಅವಳು ಹಳಿಗಳ ಸಂದಿಗೆ ಬೆಳಕು ಬಿಟ್ಟಳು. ಬೆಲ್ಟನ್ನು ಕೊನೆಯವರೆಗೆ ಎಳೆದಳು. ಮ್ಯಾಟು ಎತ್ತಿ ಸ್ಪಂಜು ಹಿಂಡಿದಳು. ಒಣಗಿತ್ತು. ಹಿಂದಿನ ಸೀಟಿನಲ್ಲಿ ಕುಳಿತು, “ನೀನೂ ಒಳಗ ಬಾ,” ಎಂದಳು ತಮ್ಮನಿಗೆ.

“ನಾ ಯಾಕ?”

“ಬಾ ಅಂದೆ.”

ಅವನು ಮುಂದಿನ ಸೀಟಿಗೆ ಮೊದಲು ಸೊಂಟ ಇಟ್ಟು, ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಬಾಗಿಲು ಮುಚ್ಚಿದರು. ಗಾಜು ಏರಿದವು.

“ಟಾರ್ಚ್ ಯಾಕ ತಂದಿ? ಮಾವನ ಕೆಲಸ ನೀ ಮಾಡಾಕತ್ತಿ,” ಎಂದು ನಕ್ಕ.

“ಭೀಮ್ಯಾ, ನನಗ ವಾಸನಿ ಬರಂಗಿಲ್ಲ.”

“ನೆಗಡೇನು?”

“ಅಲ್ಲ. ಕೊರೊನಾ ಬಂದಾಗಿಂದ. ಎರಡು ವರ್ಷಾತು. ಏನೂ ಬರಂಗಿಲ್ಲ.”

ಅವನು ತಿರುಗಲಿಲ್ಲ. ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಅವನೂ ಲೆಕ್ಕ ಹಾಕುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

“ಆ ಗಾಡಿ ನೋಡಿದಾಗ?”

“ಆವಾಗೂ ಬರತಿರಲಿಲ್ಲ.”

ಹೊರಗೆ ಮೇಷ್ಟ್ರು ಗಾಜು ತಟ್ಟಿ, “ಅಮ್ಮಾ ಗಾಡೀ ಮೇ ದುವಾ ಪಡ್ರೇ ಕ್ಯಾ?” ಎಂದರು. ಒಳಗೆ ಕೂತು ಪ್ರಾರ್ಥನೆ ಮಾಡುತ್ತಿದ್ದೀರಾ ಎಂದು. ಆಮೇಲೆ ನೆರಳಿಗೆ ಸರಿದರು.

“ಮಾವಗ ಗೊತ್ತಿತ್ತೇನು?”

ಗಂಡನ ಹೆಸರನ್ನು ಮೊದಲಿನಂತೆ ಮಾಡಲೆಂದೇ ಅವಳು ಬಂದದ್ದು. ತನಗೆ ಗೊತ್ತಿತ್ತೆಂದು ಅವನೇ ಹೇಳುವವರೆಗೆ ಈ ಪ್ರಶ್ನೆಗೆ ಇಲ್ಲ ಎಂಬುದು ಅವಳ ಮಟ್ಟಿಗೆ ನಿಜವಾದ ಉತ್ತರವಾಗಿತ್ತು.

“ಇಲ್ಲ,” ಎಂದಳು. “ನಾ ಯಾರಿಗೂ ಹೇಳಿರಲಿಲ್ಲ.”

“ಎರಡು ಸಲ ಕೇಳಿದ್ರು ಅವರು ನಿನ್ನ. ನಾ ಅಲ್ಲೇ ನಿಂತಿದ್ದೆ.”

“ಹೂಂ.”

“ಇನ್ನೊಮ್ಮೆ ಕುಂತು ನೋಡು ಅಂದ್ರು.”

“ಹೂಂ.”

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹೇಳಿದ್ರ ನಾ ಏನ್ ಅಂತಿದ್ದೆ ಅಕ್ಕಾ?” ಎಂದ. ದನಿ ಏರಿರಲಿಲ್ಲ. “ಬ್ಯಾರೆ ಯಾರಿಗರೆ ತೋರಸ್ತಿದ್ದೆ. ಅಷ್ಟ. ನಿನಗ ಏನರೆ ಅಂತಿದ್ನೇನು?”

ಉತ್ತರಕ್ಕೆ ಕಾಯದೆ ಅವನು ಬಾಗಿಲು ತೆಗೆದು ಕಾಲನ್ನು ಎತ್ತಿ ಹೊರಗಿಟ್ಟ. “ಇಳಿ. ಬಿಸಿಲಾಗೇತಿ,” ಎಂದ. ಮೇಷ್ಟ್ರಿಗೆ ಆಮೇಲೆ ಫೋನು ಮಾಡುತ್ತೇನೆಂದು ಹೇಳಿದ. ಪ್ರತಿ ಸಲ ಅವಳನ್ನು ಬಸ್ಸು ಹತ್ತಿಸಿ, ಕಿಟಕಿಯ ಪಕ್ಕದ ಸೀಟು ಸಿಕ್ಕಿತೋ ಇಲ್ಲವೋ ನೋಡಿ, ಬಸ್ಸು ಹೊರಟ ಮೇಲೆ ಹೋಗುವವನು ಅಂದು ಗಲ್ಲಿಯ ಬಾಯಿಯಲ್ಲಿ ಒಂದು ಆಟೋ ನಿಲ್ಲಿಸಿದ. ಡ್ರೈವರಿಗೆ ತೆಲುಗಿನಲ್ಲಿ ನಾಚಾರಂನ ವಿಳಾಸ ಹೇಳಿ, “ಪೆದ್ದಾವಿಡ, ಜಾಗ್ರತ್ತಗಾ ದಿಂಚು,” ಎಂದ. ವಯಸ್ಸಾದವರು, ಹುಷಾರಾಗಿ ಇಳಿಸು. ಪರಿಚಯವಿಲ್ಲದ ಮುದುಕಿಯ ಬಗ್ಗೆ ಯಾರಾದರೂ ಹೇಳಬಹುದಾದ ಮಾತು.

ಇಪ್ಪತ್ತು ದಿನ ಫೋನು ಬರಲಿಲ್ಲ. ಆಮೇಲೆ ಬಂತು, ಅವಳಿಗಲ್ಲ. ಶಿವಶರಣಪ್ಪ ತನ್ನ ಫೋನು ಹಿಡಿದು ಅಡುಗೆಮನೆಯ ಕಿಟಕಿಗೆ ಬಂದು ನಿಂತ. ಆ ಕಡೆಯ ದನಿ ಅವಳಿಗೂ ಕೇಳುತ್ತಿತ್ತು.

“ಮಾವ, ನನ್ನ ತಪ್ಪಾತ್ರಿ. ಗೊತ್ತಿರಲಿಲ್ಲ ನನಗ. ನಿಮಗ ಭಾಳ ಅಂದಾರ ಮಂದಿ, ನಾನೂ ಸುಮ್ಮ ಕುಂತೆ. ಎಲ್ಲಾರಿಗೂ ನಾನ ಹೇಳ್ತೀನಿ,” ಎಂದ ಭೀಮಾಶಂಕರ. “ಆ ಕೆಂಪು ಗಾಡಿ ಇನ್ನೂ ಐತಿ. ರವಿವಾರ ನೀವು ಬಂದು ನೋಡ್ರಿ. ಒಬ್ಬರ ಬರ್ರಿ.”

“ನೋಡೋಣು,” ಎಂದು ಶಿವಶರಣಪ್ಪ ಫೋನು ಇಟ್ಟ. ಹೆಂಡತಿಯ ಕಡೆ ತಿರುಗಿದ.

“ಏನ್ ಹೇಳಿದಿ ಅವಗ?”

“ಎಲ್ಲಾ ಹೇಳಿನಿ. ನಿಮ್ಮದೊಂದು ಬಿಟ್ಟು.”

“ಅದು ಸುಳ್ಳಾತಲ್ಲ.”

“ಹೂಂ.”

“ಅಂವ ನನ್ನ ಮುಂದ ತಪ್ಪಾತು ಅನ್ನಾಕತ್ತಾನ. ನಾ ಅದನ್ನ ಕೇಳಿಕೋಂತ ನಿಲ್ಲಬೇಕೇನು?”

“ನಿಲ್ರಿ,” ಎಂದಳು ಗದಿಗೆಮ್ಮ. “ಅವಗ ಇರೋದು ನಾವ ಇಬ್ಬರು. ನಾ ಅಂತೂ ಹೋದೆ. ನೀವೂ ಹೋದ್ರ ಅವಗ ಯಾರದಾರ?”

ಶಿವಶರಣಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ, ಕೆಂಪು ಚೀಟಿ ಕಟ್ಟಬೇಕಾದ ಕಡೆ ಹಸಿರು ಚುಕ್ಕೆ ಇಟ್ಟವನಲ್ಲ. ಪಡಸಾಲೆಗೆ ಹೋದ.

ಭಾನುವಾರ ಬೆಳಿಗ್ಗೆ ಆರೂವರೆಗೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದ. ಟಾರ್ಚನ್ನು ಒರೆಸಿ ಅದರಲ್ಲಿ ಇಟ್ಟಿದ್ದಳು ಅವಳು. ಕರವಸ್ತ್ರ ಒಗೆದು ಮಡಿಸಿಟ್ಟಿದ್ದಳು. ಅವನು ಚಪ್ಪಲಿ ಮೆಟ್ಟಿ, ಅಭ್ಯಾಸದಂತೆ ತಿರುಗಿ ಒಂದು ಕ್ಷಣ ಕಾದ. ಅವಳು ಮನೆಯಲ್ಲಿ ಉಡುವ ಹತ್ತಿಯ ಸೀರೆಯಲ್ಲಿ, ಒದ್ದೆ ಕೈ ಸೆರಗಿಗೆ ಒರೆಸುತ್ತ ನಿಂತಿದ್ದಳು.

“ಬೆಲ್ಟ್ ಕಡೀತನಕ ಎಳದು ನೋಡ್ರಿ,” ಎಂದಳು.

“ಹೂಂ,” ಎಂದು ಅವನು ಮೆಟ್ಟಿಲು ಇಳಿದ.

ಅವಳು ಬಾಗಿಲು ಮುಚ್ಚಿ ಒಳಗೆ ಬಂದಳು. ಒಲೆಯ ಮೇಲೆ ಪಲ್ಯ ಇತ್ತು. ಸ್ಟೂಲು ಎಳೆದುಕೊಂಡು ಅದರ ಎದುರು ಕುಳಿತು, ಹೊತ್ತದಂತೆ ನೋಡತೊಡಗಿದಳು.